ನಿನ್ನ ಸರದಿಗೆ ಮುಂಚೆ

ಸುನ್ವಾ, ಮಂಗಳವಾರ ಕ್ಲಾಕ್ಸ್‌ವೀಕಿನ ಆಸ್ಪತ್ರೆಯಲ್ಲಿ ನಿನ್ನ ಸರದಿಯಂತೆ.
ಊಟ ಬಿಡಬೇಕಾಗಿಲ್ಲ. ಉಂಗುರ ಬಿಚ್ಚಬೇಕಾಗಿಲ್ಲ.
ಒಳಗೊಂದು ತೋಳಿಲ್ಲದ ಬನಿಯನ್ ಹಾಕಿಕೊಂಡು ಹೋಗು.
ನಾನು ಕುತ್ತಿಗೆ ಮುಚ್ಚುವ ಉಣ್ಣೆಯಂಗಿ ತೊಟ್ಟು ಹೋಗಿ
ತಲೆಯ ಮೇಲಿಂದ ಎಳೆಯಲಾರದೆ
ಅರ್ಧಕ್ಕೇ ಸಿಕ್ಕಿಕೊಂಡೆ, ಬಲೆಯೊಳಗಿನ ಮೀನಿನ ಹಾಗೆ.
ನರ್ಸ್ ಬಂದು ಬಿಡಿಸಿದಳು. ಇಬ್ಬರೂ ನಕ್ಕೆವು.
ಆ ನಗೆಗೂ ಹೆಗಲು ಚುಳ್ ಎಂದಿತು.

ಕೋಣೆಯಲ್ಲಿ ಮಂದ ಬೆಳಕು. ಸುರಂಗವಿಲ್ಲ, ಸೂಜಿಯಿಲ್ಲ.
ಚಕ್ರದ ಸ್ಟೂಲಿನ ಮೇಲೆ ಬೈನಿರ್ ಎಂಬ ಹುಡುಗ,
ಸಾಂದೊಯ್ ದ್ವೀಪದವನು, ಮಾತು ಕಡಿಮೆ.
‘ಜೆಲ್ ತಣ್ಣಗಿರುತ್ತದೆ, ಕ್ಷಮಿಸಿ’ ಎಂದ.
ತಣ್ಣಗೆ!
ಇಪ್ಪತ್ತಾರು ವರ್ಷ ಮಂಜುಗಡ್ಡೆಯ ತೊಟ್ಟಿಯಲ್ಲಿ
ಕೈ ಅದ್ದಿದವಳಿಗೆ ಚಳಿಯ ಎಚ್ಚರಿಕೆ.
ಆದರೂ, ನೋಯಿಸುವ ಮುಂಚೆಯೇ ಕ್ಷಮೆ ಕೇಳಿದವರನ್ನು
ನಾನು ಅಷ್ಟಾಗಿ ಕಂಡವಳಲ್ಲ.

‘ಎಲ್ಲಿ ನೋವು? ಒಂದೇ ಬೆರಳಲ್ಲಿ ತೋರಿಸಿ’ ಅನ್ನುತ್ತಾನೆ.
ಕಷ್ಟವಿರುವುದು ಅಲ್ಲೇ. ಉಳಿದದ್ದು ಸುಲಭ.
ನಾನು ಅಂಗೈಯಿಡೀ ಹರವಿದೆ. ಅವನು ಕಾದ.
ಒಂದೊಂದೇ ಬೆರಳು ಮಡಿಸುತ್ತ ಬಂದೆ; ಕೊನೆಗೆ
ತೋರುಬೆರಳು ತಾನಾಗಿ ನಿಂತಿತು, ಎಲುಬಿನ ಮೊನೆಯ ಕೆಳಗೆ.

ಸೋಪಿನ ಬಿಲ್ಲೆಯಂಥದ್ದನ್ನು ಅಲ್ಲಿಟ್ಟು ಜಾರಿಸುತ್ತಾನೆ.
ಅದು ಕೂಗುತ್ತದಂತೆ, ನಮಗೆ ಕೇಳದ ದನಿಯಲ್ಲಿ;
ಮೈಯೊಳಗಿಂದ ಮರುದನಿ ಬಂದದ್ದೇ ಚಿತ್ರ.
ಗೊತ್ತಲ್ಲ, ಸಕಾರಿಸನ ದೋಣಿಯಲ್ಲೂ ಅಂಥದೇ ಯಂತ್ರ,
ಕಡಲ ತಳಕ್ಕೆ ಕೂಗು ಹಾಕಿ ಮೀನಿನ ಹಿಂಡು ಕಾಣುವುದು.
ಮದುವೆಯಾದಾಗಿನಿಂದ ಅವನು ಕಡಲಿಗೆ ಕಿವಿಗೊಟ್ಟ.
ನನ್ನ ಹೆಗಲಿಗೆ ಕಿವಿಗೊಟ್ಟವನು ಈ ಹುಡುಗನೇ ಮೊದಲು.
ಇದನ್ನು ಸಕಾರಿಸನಿಗೆ ಹೇಳಬೇಡ. ಹೇಳಿದರೂ ಸರಿ.

ಪರದೆ ಬೂದುಬಣ್ಣ. ಮೊದಮೊದಲು ಏನೂ ತಿಳಿಯದು.
ಆಮೇಲೆ ಎಲ್ಲ ತಿಳಿಯುತ್ತದೆ,
ನಮಗೆ ತಿಳಿಯದೆ ಇನ್ನಾರಿಗೆ ತಿಳಿದೀತು?
ತೊಗಲು, ಕೊಬ್ಬು, ಮಾಂಸದ ಪದರ,
ಪದರಗಳ ನಡುವೆ ಬೆಳ್ಳಿಗೆರೆ: ಚೂರಿ ಓಡುವ ದಾರಿ.
ಬಿಲ್ಲಿನಂತೆ ಬಾಗಿದ ಬಿಳಿ ಎಲುಬು. ಅದರಾಚೆ ಕಪ್ಪು.
ದನಿಗೂ ಅಲ್ಲಿಂದ ಮುಂದೆ ಅಪ್ಪಣೆಯಿಲ್ಲ.

‘ಕೈ ಹಿಂದಿನ ಜೇಬಿಗೆ ಹಾಕಿ’ ಅಂದ. ಹಾಕಿದೆ, ಹಲ್ಲು ಕಚ್ಚಿ.
ಹೆಗಲ ಹುರಿ ಪರದೆಗೆ ಜಾರಿ ಬಂತು
ಎಳೆಯೆಳೆಯಾಗಿ, ಬಾಚಿದ ಉಣ್ಣೆಯಂತೆ.
ನಡುವೆ ಒಂದು ಕಪ್ಪು ಕಿಂಡಿ.
‘ಇದೇನಾ?’
‘ತಡೆಯಿರಿ’ ಎಂದು ಬಿಲ್ಲೆಯನ್ನು ಚೂರು ವಾಲಿಸಿದ.
ಕಿಂಡಿ ಮಾಯ. ಎಳೆಗಳು ಬೆಳಗಿದವು.
‘ದನಿ ನೇರ ಬೀಳದಿದ್ದರೆ ಗಟ್ಟಿ ಇದ್ದದ್ದೂ
ಹರಿದಂತೆ ಕಾಣುತ್ತದೆ. ಅದಕ್ಕೇ ಮತ್ತೆ ನೋಡುವುದು.’
ನನಗೆ ಅಕ್ಕ ನೆನಪಾದಳು.
ಆರು ವರ್ಷ ಮಾತಿಲ್ಲ. ಓರೆಯಲ್ಲೊಮ್ಮೆ ನೋಡಿ
ಹರಿಯಿತೆಂದು ಬಿಟ್ಟುಬಂದವಳು ನಾನೇ.

ಬಿಲ್ಲೆ ಇನ್ನೊಂದಿಷ್ಟು ಮುಂದೆ ಸರಿಯಿತು. ಅಲ್ಲೂ ಕಪ್ಪು.
ವಾಲಿಸಿದ. ಇತ್ತು.
ಮತ್ತೆ ವಾಲಿಸಿದ. ಇತ್ತು.
ಆಮೇಲೆ ಅವನು ಮಾತಾಡಲಿಲ್ಲ; ಅಳತೆ ತೆಗೆದ:
ಒಂದು ಚುಕ್ಕಿ, ಇನ್ನೊಂದು ಚುಕ್ಕಿ, ನಡುವೆ ಗೆರೆ.

ಎಡ ಹೆಗಲನ್ನೂ ನೋಡಬಹುದು, ಹೆದರಬೇಡ, ಹೋಲಿಸುವುದಕ್ಕೆ.
ನನ್ನ ಎಡಗೈ ಬರೀ ಮೀನು ಅದುಮಿಕೊಂಡಿದ್ದ ಕೈ,
ಚೂರಿ ಹಿಡಿದದ್ದಲ್ಲ. ಅದರ ಹುರಿ ಎಷ್ಟು ನುಣುಪಾಗಿತ್ತೆಂದರೆ
ನನಗೇ ನಾಚಿಕೆಯಾಯಿತು,
ಬೇರೆ ಯಾರದೋ ಮನೆಗೆ ಇಣುಕಿದ ಹಾಗೆ.

ಅರ್ಧ ಗಂಟೆಯ ಕೆಲಸ. ಒರೆಸಿಕೊಳ್ಳಲು ಕಾಗದ ಕೊಡುತ್ತಾರೆ, ಸಾಲದು.
ಎಷ್ಟು ಹರಿದಿದೆಯೆಂದು ಬೈನಿರ್ ಹೇಳುವುದಿಲ್ಲ.
ಡಾಕ್ಟರು ನೋಡಬೇಕು, ಬರೆಯಬೇಕು, ಒಂದು ವಾರ.
ಅವನ ಮುಖ ನೋಡಿ ಲೆಕ್ಕ ಹಾಕಬೇಡ. ನಾನು ಹಾಕಿದೆ.

ಮನೆಗೆ ಬರುವಾಗ ಬಸ್ಸು ಕಡಲಡಿಯ ಸುರಂಗಕ್ಕಿಳಿಯಿತು.
ಎಡಗೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ.
ಮೇಲೆಲ್ಲೋ ಸಕಾರಿಸ್ ತಳಕ್ಕೆ ಕೂಗು ಹಾಕುತ್ತಿದ್ದನೇನೋ.
ಕೇಳಿಸುವಂತಿದ್ದರೆ ಓಗೊಡುತ್ತಿದ್ದೆ.

ಒಂದು ಟವೆಲ್ ಒಯ್ಯಿ. ಉಣ್ಣೆಯಂಗಿ ಬೇಡ.